ಅಪರಾಧ ನ್ಯಾಯದ ಅಂತರಶಿಸ್ತೀಯ ಪದವಿ: ಕರ್ನಾಟಕದ ಕಾಲೇಜುಗಳಿಗೆ ಒಂದು ಮಾರ್ಗದರ್ಶಿ

ಕರ್ನಾಟಕದ ಉನ್ನತ ಶಿಕ್ಷಣಕ್ಕೆ ಅಪರಾಧಶಾಸ್ತ್ರ ಹೊಸ ವಿಷಯವೇನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ (ಫೊರೆನ್ಸಿಕ್ ಸೈನ್ಸ್) ಸ್ನಾತಕೋತ್ತರ ವಿಭಾಗವಿದೆ. ಮಂಗಳೂರಿನ ರೋಶನಿ ನಿಲಯದಲ್ಲಿಯೂ ಈ ವಿಷಯವನ್ನು ಕಲಿಸಲಾಗುತ್ತದೆ. 2020ರ ಕಾಯ್ದೆಯಿಂದ ಹುಟ್ಟಿದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಒಂದು ಆವರಣವೂ ಧಾರವಾಡಕ್ಕೆ ಬಂದಿದೆ. 2024ರ ಜುಲೈ 1ರಂದು ಮೂರು ಹೊಸ ಅಪರಾಧ ಕಾನೂನುಗಳು (ಅಪರಾಧ ಮತ್ತು ಶಿಕ್ಷೆಗಳ ಭಾರತೀಯ ನ್ಯಾಯ ಸಂಹಿತೆ, ತನಿಖೆ–ವಿಚಾರಣೆಯ ಕ್ರಮದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ) ಜಾರಿಗೆ ಬಂದ ಬಳಿಕ ಜಿಲ್ಲಾ ಕೇಂದ್ರಗಳ ಕಾಲೇಜುಗಳೂ ಇಂಥದ್ದೊಂದು ಪದವಿಯನ್ನು ಆರಂಭಿಸುವ ಯೋಚನೆಯಲ್ಲಿವೆ. ಸಾಮಾನ್ಯವಾಗಿ ಈ ಕೆಲಸ ನಡೆಯುವ ರೀತಿ ಹೀಗಿದೆ: ಕಾನೂನಿನಿಂದ ಎರಡು ಪತ್ರಿಕೆ, ಸಮಾಜಶಾಸ್ತ್ರದಿಂದ ಎರಡು, ಮನೋವಿಜ್ಞಾನದಿಂದ ಒಂದು, ವಿಧಿವಿಜ್ಞಾನದಿಂದ ಒಂದು ಎಂದು ಎತ್ತಿಕೊಂಡು, ಮೇಲೊಂದು ಹೊಸ ಹೆಸರನ್ನು ಹಾಕಿ ಅಧ್ಯಯನ ಮಂಡಳಿಯ ಮುಂದೆ ಇಡಲಾಗುತ್ತದೆ. ಇದರಲ್ಲಿ ವಿಷಯಗಳು ಅಕ್ಕಪಕ್ಕ ಕುಳಿತಿರುತ್ತವೆಯೇ ಹೊರತು ಒಂದರೊಡನೊಂದು ಮಾತನಾಡುವುದಿಲ್ಲ, ಅವುಗಳನ್ನು ಬೆಸೆಯುವ ಹೊಣೆಯೆಲ್ಲ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯ ತಲೆಯ ಮೇಲೆ ಬೀಳುತ್ತದೆ. ಆ ಹೊಣೆಯನ್ನು ಪಠ್ಯಕ್ರಮವೇ ಹೊರುವಂತೆ ಮಾಡುವುದು ಹೇಗೆ ಎಂಬುದನ್ನು, ಮೂರು ವರ್ಷದ ಬಿ.ಎ. ಪದವಿಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು, ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಈ ಪದವಿ ಏನಲ್ಲ ಎಂಬುದನ್ನು ಬರೆದಿಡುವುದು

ಪ್ರಸ್ತಾವನೆಯ ಮೊದಲ ಪುಟದಲ್ಲಿಯೇ ಮೂರು ನಿರಾಕರಣೆಗಳಿರಬೇಕು. ಇದು ಕಾನೂನು ಪದವಿಯಲ್ಲ. ಇದನ್ನು ಪಡೆದವರು ವಕೀಲಿಕೆ ಮಾಡಲು ಅಥವಾ ಸಹಾಯಕ ಸರ್ಕಾರಿ ಅಭಿಯೋಜಕರಾಗಲು ಬರುವುದಿಲ್ಲ, ಅದಕ್ಕೆ ಭಾರತೀಯ ವಕೀಲರ ಪರಿಷತ್ತು ಒಪ್ಪಿದ ಎಲ್‌ಎಲ್.ಬಿ. ಬೇಕು. ಇದು ಪೊಲೀಸ್ ತರಬೇತಿಯಲ್ಲ. ಪಿಎಸ್‌ಐ ಹುದ್ದೆಗೆ ಯಾವುದೇ ಪದವಿ ಸಾಕಾಗುವುದರಿಂದ ಈ ಪದವೀಧರರು ಅಲ್ಲಿ ಉಳಿದ ಎಲ್ಲ ಪದವೀಧರರ ಜೊತೆಗೇ ಸ್ಪರ್ಧಿಸಬೇಕಾಗುತ್ತದೆ. ಇದು ಪ್ರಯೋಗಾಲಯದ ವಿಜ್ಞಾನಿಯನ್ನು ತಯಾರಿಸುವ ಪದವಿಯೂ ಅಲ್ಲ, ವಿಧಿವಿಜ್ಞಾನದ ಎಂ.ಎಸ್‌ಸಿ.ಗೆ ಹೆಚ್ಚಿನ ವಿಶ್ವವಿದ್ಯಾಲಯಗಳು ವಿಜ್ಞಾನ ಪದವಿಯನ್ನೇ ಕೇಳುತ್ತವೆ. ಈ ಕೊನೆಯ ಸಂಗತಿಯನ್ನು ಪ್ರವೇಶದ ಹೊತ್ತಿನಲ್ಲಿ ಪೋಷಕರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಪ್ರವೇಶ ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಬೇಕು. ಬೆರಳಚ್ಚು, ರಕ್ತದ ಕಲೆ ಎಂದೆಲ್ಲ ಕರಪತ್ರದಲ್ಲಿ ಹಾಕಿ ಸೀಟು ತುಂಬಿಸಿಕೊಂಡ ಕಾಲೇಜು ಮೂರು ವರ್ಷದ ಬಳಿಕ ಆ ಪೋಷಕರಿಗೆ ಉತ್ತರ ಕೊಡಬೇಕಾಗುತ್ತದೆ.

ನಿರಾಕರಣೆಗಳ ಬಳಿಕ, ವಿದ್ಯಾರ್ಥಿ ಎಲ್ಲಿಗೆ ಹೋಗಬಲ್ಲ ಎಂಬುದನ್ನು ಬರೆಯಿರಿ. ಮೂರು ವರ್ಷದ ಎಲ್‌ಎಲ್.ಬಿ., ಎಂ.ಎಸ್.ಡಬ್ಲ್ಯೂ., ಅಪರಾಧಶಾಸ್ತ್ರದ ಎಂ.ಎ. ಇವು ನೇರವಾದ ದಾರಿಗಳು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಕಾನೂನು ಸೇವಾ ಪ್ರಾಧಿಕಾರದ ಅರೆಕಾನೂನು ಸ್ವಯಂಸೇವೆ, ಸಂತ್ರಸ್ತರ ಜೊತೆ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳು, ಬ್ಯಾಂಕು ಮತ್ತು ವಿಮೆಯ ವಂಚನೆ ತಪಾಸಣೆ, ಪತ್ರಿಕೋದ್ಯಮ ಇವುಗಳಿಗೂ ಈ ಓದು ಉಪಯುಕ್ತ, ಆದರೆ ಕೆಲವಕ್ಕೆ ಹೆಚ್ಚುವರಿ ಅರ್ಹತೆ ಬೇಕಾಗುತ್ತದೆ.

ಈ ವಿಷಯದಲ್ಲಿ ಅಮೆರಿಕದ ಅನುಭವವನ್ನು ನೋಡುವುದು ಒಳ್ಳೆಯದು. ಅಲ್ಲಿ 1968ರ ಅಪರಾಧ ನಿಯಂತ್ರಣ ಕಾಯ್ದೆಯ ಬಳಿಕ ಪೊಲೀಸರ ಶಿಕ್ಷಣಕ್ಕೆಂದು ಕೇಂದ್ರ ಸರ್ಕಾರದ ಹಣ ಧಾರಾಳವಾಗಿ ಹರಿದು, ಈ ಹೆಸರಿನ ಪದವಿಗಳು ನೂರಾರು ಕಾಲೇಜುಗಳಲ್ಲಿ ತಲೆಯೆತ್ತಿದವು. ಅವುಗಳಲ್ಲಿ ಹಲವು ಠಾಣೆಯ ಕೆಲಸದ ತರಬೇತಿಯನ್ನೇ ಕಾಲೇಜಿನ ಪಾಠವೆಂದು ಕಲಿಸುತ್ತಿವೆ, ಪಾಠ ಹೇಳುವವರೂ ಹೆಚ್ಚಾಗಿ ಪೊಲೀಸ್ ಇಲಾಖೆಯಿಂದಲೇ ಬಂದವರಾಗಿದ್ದಾರೆ ಎಂಬ ಕಟು ಟೀಕೆಯನ್ನು ಆ ಶಿಕ್ಷಣವನ್ನು ಪರಿಶೀಲಿಸಿದ ರಾಷ್ಟ್ರೀಯ ಆಯೋಗವೊಂದು 1978ರಲ್ಲಿ ಮಾಡಿತು. ನಮ್ಮಲ್ಲಿ ಅಷ್ಟು ಹಣ ಬರುವ ಸಂಭವವಿಲ್ಲ. ಆದರೆ ನಿವೃತ್ತ ಅಧಿಕಾರಿಗಳನ್ನು ಕರೆದು ಅವರ ಅನುಭವಕಥನವನ್ನೇ ಪಠ್ಯವಾಗಿಸುವ ಆಸೆ ನಮ್ಮಲ್ಲಿಯೂ ಇದೆ.

ಎರಡನೆಯ ಹೆಜ್ಜೆ: ಅನುಮತಿಯ ದಾರಿಯನ್ನು ತಿಳಿದುಕೊಳ್ಳುವುದು

ಇಲ್ಲಿ ಕಾಲೇಜಿನ ಸ್ಥಾನಮಾನವೇ ಎಲ್ಲವನ್ನೂ ನಿರ್ಧರಿಸುತ್ತದೆ. ಸಂಯೋಜಿತ ಕಾಲೇಜಿಗೆ ತನ್ನದೇ ಪದವಿಯನ್ನು ರೂಪಿಸುವ ಅಧಿಕಾರವಿಲ್ಲ. ಪಠ್ಯಕ್ರಮವನ್ನು ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ರೂಪಿಸಿ, ನಿಕಾಯ (ಫ್ಯಾಕಲ್ಟಿ) ಮತ್ತು ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಪಡೆಯಬೇಕು. ಆ ಬಳಿಕ ಕಾಲೇಜು ಹೊಸ ಕೋರ್ಸಿನ ಸಂಯೋಜನೆಗೆ ಅರ್ಜಿ ಹಾಕಿ, ಸ್ಥಳೀಯ ವಿಚಾರಣಾ ಸಮಿತಿಯ ಭೇಟಿಯನ್ನು ಎದುರಿಸಬೇಕು. ಅಂಥ ಕಾಲೇಜು ಇಡೀ ಪದವಿಯ ಕನಸು ಕಾಣುವ ಮೊದಲು ಒಂದು ಸರ್ಟಿಫಿಕೇಟ್ ಕೋರ್ಸನ್ನೋ ಒಂದು ಐಚ್ಛಿಕ ಪತ್ರಿಕೆಯನ್ನೋ ನಡೆಸಿ, ಅದರ ಫಲಿತಾಂಶವನ್ನು ಹಿಡಿದುಕೊಂಡು ಅಧ್ಯಯನ ಮಂಡಳಿಯ ಅಧ್ಯಕ್ಷರನ್ನು ಕಾಣುವುದು ಜಾಣತನ. ಸ್ವಾಯತ್ತ ಕಾಲೇಜಿನ ದಾರಿ ಹತ್ತಿರದ್ದು, ಏಕೆಂದರೆ ಅದಕ್ಕೆ ತನ್ನದೇ ಅಧ್ಯಯನ ಮಂಡಳಿ ಮತ್ತು ವಿದ್ಯಾವಿಷಯಕ ಪರಿಷತ್ತು ಇರುತ್ತವೆ. ಸ್ವಾಯತ್ತ ಕಾಲೇಜಿನ ಅಧ್ಯಯನ ಮಂಡಳಿಯಲ್ಲಿ ಉದ್ಯಮ ಅಥವಾ ಸಂಬಂಧಿತ ಕ್ಷೇತ್ರದ ಪ್ರತಿನಿಧಿಗೆ ಒಂದು ಸ್ಥಾನವಿದೆ. ಆ ಸ್ಥಾನವನ್ನು ಪರಿಚಯದ ಉದ್ಯಮಿಗೆ ಕೊಟ್ಟು ಮುಗಿಸದೆ, ವಿಚಾರಣಾ ನ್ಯಾಯಾಲಯದ ಅನುಭವವಿರುವ ಅಭಿಯೋಜಕರಿಗೋ ಕಾನೂನು ನೆರವಿನ ವಕೀಲರಿಗೋ ಮೀಸಲಿಡಿ.

ಪದವಿಯ ಹೆಸರನ್ನು ಮನಬಂದಂತೆ ಇಡಲಾಗದು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಅಧಿಸೂಚಿಸಿದ ಪದವಿನಾಮಗಳಲ್ಲಿ ಒಂದನ್ನೇ ಬಳಸಬೇಕು. ಬಿ.ಎ. ಎಂದು ಇಟ್ಟುಕೊಂಡು ಮುಖ್ಯ ವಿಷಯವಾಗಿ ಅಪರಾಧ ನ್ಯಾಯವನ್ನು ನಮೂದಿಸುವುದು ಸುರಕ್ಷಿತ. ಅವಧಿಯ ವಿಚಾರದಲ್ಲಿ ರಾಜ್ಯದಲ್ಲಿ ಈಚೆಗೆ ಆದ ಬದಲಾವಣೆಯನ್ನೂ ಗಮನಿಸಬೇಕು. 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಚೌಕಟ್ಟಿಗೆ ಹೋದ ಕರ್ನಾಟಕ, 2024–25ರಿಂದ ಮೂರು ವರ್ಷದ ಪದವಿಗೆ ಮರಳಿತು. ಯುಜಿಸಿಯ 2022ರ ಚೌಕಟ್ಟು ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಎನ್ನುತ್ತದೆ. ನಿಮ್ಮ ವಿಶ್ವವಿದ್ಯಾಲಯದ ಮೊತ್ತ ಅದಕ್ಕಿಂತ ಹೆಚ್ಚಿರಬಹುದು, ಆದ್ದರಿಂದ ಮುಂದಿನ ಲೆಕ್ಕವನ್ನು ಅನುಪಾತವೆಂದು ಓದಿಕೊಳ್ಳಿ.

ಮೂರನೆಯ ಹೆಜ್ಜೆ: ಪ್ರಕರಣದ ಕಡತವನ್ನು ಬೆನ್ನೆಲುಬಾಗಿಸುವುದು

ಇದೇ ಇಡೀ ಕೆಲಸದ ತಿರುಳು. ಪತ್ರಿಕೆಗಳನ್ನು ವಿಭಾಗಗಳ ಪ್ರಕಾರ ಜೋಡಿಸುವ ಬದಲು, ಒಂದು ಪ್ರಕರಣದ ಕಡತ ಠಾಣೆಯಲ್ಲಿ ಹುಟ್ಟಿ ಕಾರಾಗೃಹದ ಬಿಡುಗಡೆ ಆದೇಶದವರೆಗೆ ಸಾಗುವ ದಾರಿಯ ಪ್ರಕಾರ ಜೋಡಿಸಬೇಕು. ದೂರು, ಪ್ರಥಮ ವರ್ತಮಾನ ವರದಿ, ಮಹಜರು, ಗಾಯದ ಪ್ರಮಾಣಪತ್ರ, ವಿಧಿವಿಜ್ಞಾನ ಪ್ರಯೋಗಾಲಯದ ವರದಿ, ದೋಷಾರೋಪಣಾ ಪಟ್ಟಿ, ಜಾಮೀನು ಆದೇಶ, ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ತೀರ್ಪು, ಮೇಲ್ಮನವಿ, ಪೆರೋಲ್ ಎಂದು ಕಡತದ ಒಂದೊಂದು ಹಾಳೆಯೂ ಒಂದಕ್ಕಿಂತ ಹೆಚ್ಚು ಶಾಸ್ತ್ರಗಳನ್ನು ತಾನಾಗಿಯೇ ಕರೆದು ತರುತ್ತದೆ.

ದೂರಿನ ಹಂತವನ್ನೇ ತೆಗೆದುಕೊಳ್ಳಿ. ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ) ಮಾಹಿತಿ ಬಂದಾಗ ಪ್ರಕರಣ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿಯನ್ನು ದಾಖಲಿಸಿಕೊಳ್ಳಬೇಕೆನ್ನುತ್ತದೆ. ವಿದ್ಯುನ್ಮಾನ ಮಾರ್ಗದಲ್ಲಿ ಕೊಟ್ಟ ಮಾಹಿತಿಗೆ ದೂರುದಾರರು ಮೂರು ದಿನಗಳೊಳಗೆ ಸಹಿ ಹಾಕಬೇಕೆಂದೂ ಹೇಳುತ್ತದೆ. ಇಷ್ಟು ಕಾನೂನಿನ ಪಾಠ. ಹೀಗಿದ್ದರೂ ಹಳ್ಳಿಯ ಹೆಣ್ಣುಮಗಳು ಠಾಣೆಯ ಮೆಟ್ಟಿಲು ಹತ್ತುವುದಿಲ್ಲವೇಕೆ, ಜಾತಿ ದೌರ್ಜನ್ಯದ ದೂರು ಊರಿನ ಪಂಚಾಯಿತಿಯಲ್ಲಿಯೇ ಕರಗುವುದೇಕೆ ಎಂಬುದು ಸಮಾಜಶಾಸ್ತ್ರದ ಪಾಠ. ಆಘಾತಕ್ಕೊಳಗಾದವರು ಘಟನೆಯನ್ನು ಹಿಂದುಮುಂದಾಗಿ ಹೇಳುವುದು ಸಹಜವೆಂಬುದು ಮನೋವಿಜ್ಞಾನದ ಪಾಠ. ಆ ಅಡ್ಡಾದಿಡ್ಡಿ ಮಾತನ್ನು ಠಾಣೆಯ ಬರಹಗಾರರು ನೇರ ಕಥೆಯಾಗಿ ತಿದ್ದಿ ಬರೆದಾಗ ಮುಂದೆ ಪಾಟೀಸವಾಲಿನಲ್ಲಿ ಏನಾಗುತ್ತದೆ ಎಂಬಲ್ಲಿ ಮೂರೂ ಸೇರುತ್ತವೆ.

ಈ ಕ್ರಮದಲ್ಲಿ ಆರು ಸೆಮಿಸ್ಟರುಗಳನ್ನು ಹಂಚಬಹುದು. ಮೊದಲನೆಯದರಲ್ಲಿ ವ್ಯವಸ್ಥೆಯ ಪರಿಚಯ ಮತ್ತು ಸಮಾಜ–ಅಪರಾಧ ಸಂಬಂಧ. ಎರಡನೆಯದರಲ್ಲಿ ಅಪರಾಧಗಳ ಕಾನೂನು ಮತ್ತು ಪೊಲೀಸ್ ವ್ಯವಸ್ಥೆಯ ಇತಿಹಾಸ. ಮೂರನೆಯದರಲ್ಲಿ ತನಿಖೆ, ಬಂಧನ, ಜಾಮೀನು ಮತ್ತು ವಿಧಿವಿಜ್ಞಾನದ ಮೂಲಪಾಠ. ನಾಲ್ಕನೆಯದರಲ್ಲಿ ಸಾಕ್ಷ್ಯ ಮತ್ತು ವಿಚಾರಣೆ. ಐದನೆಯದರಲ್ಲಿ ಶಿಕ್ಷೆ, ಕಾರಾಗೃಹ, ಪರಿವೀಕ್ಷಣೆ (ಪ್ರೊಬೇಷನ್), ಬಾಲನ್ಯಾಯ ಮತ್ತು ಸಂತ್ರಸ್ತರ ಹಕ್ಕು. ಆರನೆಯದರಲ್ಲಿ ನೀತಿ ಮತ್ತು ಸಂಶೋಧನಾ ಯೋಜನೆ. 120 ಕ್ರೆಡಿಟ್‌ಗಳಲ್ಲಿ 48ನ್ನು ಈ ಬೆನ್ನೆಲುಬಿಗೆ, 16ನ್ನು ಅಂಕಿಅಂಶ ಮತ್ತು ಸಂಶೋಧನಾ ವಿಧಾನಕ್ಕೆ, 16ನ್ನು ಜಂಟಿ ಪತ್ರಿಕೆಗಳಿಗೆ, 8ನ್ನು ಕ್ಷೇತ್ರಕಾರ್ಯಕ್ಕೆ, 8ನ್ನು ಐಚ್ಛಿಕಗಳಿಗೆ ಇಟ್ಟರೆ, ಭಾಷೆ ಮತ್ತು ಇತರ ಕಡ್ಡಾಯ ಪತ್ರಿಕೆಗಳಿಗೆ 24 ಉಳಿಯುತ್ತವೆ. ತರಗತಿ ಪಾಠದ ಒಂದು ಕ್ರೆಡಿಟ್‌ಗೆ 15 ಗಂಟೆ, ಪ್ರಾಯೋಗಿಕ ಅಥವಾ ಕ್ಷೇತ್ರಕಾರ್ಯದ ಒಂದು ಕ್ರೆಡಿಟ್‌ಗೆ 30 ಗಂಟೆ ಎಂಬುದನ್ನು ವೇಳಾಪಟ್ಟಿ ಮಾಡುವವರು ಮರೆಯಬಾರದು. ಕ್ಷೇತ್ರಕಾರ್ಯದ 8 ಕ್ರೆಡಿಟ್ ಎಂದರೆ 240 ಗಂಟೆಗಳು.

ಕಾನೂನಿನ ಪತ್ರಿಕೆಗಳಲ್ಲಿ ಒಂದು ವಿಶೇಷ ತೊಡಕಿದೆ. ಹೊಸ ಸಂಹಿತೆಗಳು ಬಂದವೆಂದು ಹಳೆಯವನ್ನು ಪಠ್ಯದಿಂದ ಕಿತ್ತುಹಾಕುವಂತಿಲ್ಲ. 2024ರ ಜುಲೈ 1ಕ್ಕಿಂತ ಮೊದಲು ನಡೆದ ಕೃತ್ಯಗಳಿಗೆ 1860ರ ಭಾರತೀಯ ದಂಡ ಸಂಹಿತೆಯೇ ಅನ್ವಯಿಸುತ್ತದೆ, ಆಗ ಬಾಕಿಯಿದ್ದ ವಿಚಾರಣೆಗಳು 1973ರ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಮುಂದುವರಿಯುತ್ತವೆ. ಆದ್ದರಿಂದ ಇಂದು ಪ್ರವೇಶ ಪಡೆಯುವ ವಿದ್ಯಾರ್ಥಿ ನ್ಯಾಯಾಲಯದಲ್ಲಿ ಎರಡೂ ಭಾಷೆಗಳನ್ನು ಕೇಳುತ್ತಾನೆ: ಕೊಲೆಗೆ 302 ಮತ್ತು 103, ವಂಚನೆಗೆ 420 ಮತ್ತು 318(4), ಪೊಲೀಸರ ಮುಂದಿನ ಹೇಳಿಕೆಗೆ 161 ಮತ್ತು 180. 511 ಕಲಂಗಳ ಹಳೆಯ ದಂಡ ಸಂಹಿತೆಯನ್ನೂ 358 ಕಲಂಗಳ ಹೊಸ ನ್ಯಾಯ ಸಂಹಿತೆಯನ್ನೂ ಪೂರ್ತಿ ಕಲಿಸಲು ಹೋದರೆ ಅದು ಕಾನೂನು ಕಾಲೇಜಿನ ಕಳಪೆ ನಕಲಾಗುತ್ತದೆ. ಒಂದು ಮೂವತ್ತು ಅಪರಾಧಗಳನ್ನು ಆರಿಸಿ, ಅವುಗಳ ಎರಡೂ ರೂಪಗಳನ್ನು ಆಳವಾಗಿ ಕಲಿಸಿದರೆ ಸಾಕು.

ನಾಲ್ಕನೆಯ ಹೆಜ್ಜೆ: ಜಂಟಿ ಪತ್ರಿಕೆಗಳನ್ನು ನಿಜವಾಗಿ ಜಂಟಿಯಾಗಿಸುವುದು

ಜಂಟಿ ಪತ್ರಿಕೆಯೆಂದರೆ ಸೋಮವಾರ ಒಬ್ಬರು, ಗುರುವಾರ ಇನ್ನೊಬ್ಬರು ಬಂದು ಹೋಗುವುದಲ್ಲ. ಇಬ್ಬರು ಅಧ್ಯಾಪಕರೂ ಒಂದೇ ತರಗತಿಯಲ್ಲಿ ಒಂದೇ ಹೊತ್ತಿಗೆ ಇರಬೇಕು, ಪ್ರಶ್ನೆಪತ್ರಿಕೆಯನ್ನು ಇಬ್ಬರೂ ಸೇರಿ ತಯಾರಿಸಬೇಕು, ಮತ್ತು ಈ ಗಂಟೆಗಳು ಇಬ್ಬರ ಕಾರ್ಯಭಾರದಲ್ಲಿಯೂ ಪೂರ್ತಿಯಾಗಿ ಎಣಿಕೆಯಾಗಬೇಕು. ಈ ಕೊನೆಯ ಮಾತನ್ನು ಪ್ರಾಂಶುಪಾಲರಿಂದ ಬರಹದಲ್ಲಿ ಪಡೆಯದಿದ್ದರೆ ಎರಡನೆಯ ವರ್ಷದ ಹೊತ್ತಿಗೆ ಜಂಟಿ ಬೋಧನೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಖರ್ಚಿನ ಕಾರಣಕ್ಕೆ ಎಲ್ಲ ಪತ್ರಿಕೆಗಳನ್ನೂ ಹೀಗೆ ಮಾಡಲಾಗದು, ನಾಲ್ಕು ಸಾಕು.

ಮೊದಲನೆಯದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ಸಿಗುತ್ತದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮತ್ತು ಮಿದುಳಿನ ಪ್ರತಿಕ್ರಿಯೆ ಅಳೆಯುವ ಪರೀಕ್ಷೆಗಳನ್ನು ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸುವಂತಿಲ್ಲ ಎಂದು ತೀರ್ಪು ನೀಡಿತು. ಆ ಪರೀಕ್ಷೆಗಳು ಏನನ್ನು ಅಳೆಯುತ್ತವೆ, ಅವುಗಳ ಮೇಲೆ ಎಷ್ಟು ಭರವಸೆ ಇಡಬಹುದು ಎಂಬುದನ್ನು ಮನೋವಿಜ್ಞಾನದ ಅಧ್ಯಾಪಕರು ಹೇಳದೆ, ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಬಾರದೆನ್ನುವ ಸಂವಿಧಾನದ 20(3)ನೇ ವಿಧಿಯನ್ನು ಕಾನೂನಿನವರು ಬಿಡಿಸದೆ ಆ ತೀರ್ಪು ಪೂರ್ತಿ ಅರ್ಥವಾಗುವುದಿಲ್ಲ. ಎರಡನೆಯ ಜಂಟಿ ಪತ್ರಿಕೆ ಸಾಕ್ಷಿಯ ನೆನಪು ಮತ್ತು ಗುರುತುಪತ್ತೆ ಕವಾಯತಿನ (ಸಾಲಿನಲ್ಲಿ ನಿಂತವರ ನಡುವೆ ಆರೋಪಿಯನ್ನು ಸಾಕ್ಷಿ ಗುರುತಿಸುವುದರ) ಮೇಲೆ, ಮೂರನೆಯದು ಕಾರಾಗೃಹ ಮತ್ತು ಜಾತಿಯ ಮೇಲೆ ಇರಬಹುದು. ಕಾರಾಗೃಹ ಕೈಪಿಡಿಗಳಲ್ಲಿದ್ದ ಜಾತಿ ಆಧಾರಿತ ಕೆಲಸದ ಹಂಚಿಕೆಯನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರಿನಲ್ಲಿ ಅಸಾಂವಿಧಾನಿಕವೆಂದು ಘೋಷಿಸಿತು. ಈ ತೀರ್ಪನ್ನು ಇತಿಹಾಸ ಮತ್ತು ಸಮಾಜಶಾಸ್ತ್ರದವರು ಸೇರಿ ಓದಿಸಿದರೆ ವಸಾಹತು ಕಾಲದ ಕಾನೂನುಗಳಿಂದ ಹಿಡಿದು ಇಂದಿನವರೆಗಿನ ಎಳೆ ಸಿಗುತ್ತದೆ.

ನಾಲ್ಕನೆಯದು ಸ್ಥಳ ಮಹಜರು ಮತ್ತು ವಿದ್ಯುನ್ಮಾನ ಸಾಕ್ಷ್ಯ. ಇದನ್ನು ಹೇಗೆ ನಡೆಸಬೇಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ದುಬಾರಿ ಸಲಕರಣೆ ಯಾವುದೂ ಬೇಕಾಗಿಲ್ಲ. ಕಾಲೇಜಿನ ಒಂದು ಕೊಠಡಿಯಲ್ಲಿ ಕುಂಕುಮದ ನೀರು ಸವರಿದ ಚಾಕು, ಒಡೆದ ಬಳೆ, ಒಂದು ಮೊಬೈಲ್ ಫೋನ್ ಇಟ್ಟು, ಒಬ್ಬ ವಿದ್ಯಾರ್ಥಿಯನ್ನು ತನಿಖಾಧಿಕಾರಿಯಾಗಿಯೂ ಇಬ್ಬರನ್ನು ಪಂಚರಾಗಿಯೂ (ಮಹಜರಿಗೆ ಸಾಕ್ಷಿಗಳಾಗಿ) ನಿಲ್ಲಿಸಿ. ಕೊಠಡಿಯ ಚೆಕ್ಕುಬಂದಿ, ವಸ್ತುಗಳು ಬಿದ್ದಿದ್ದ ಜಾಗ ಮತ್ತು ಅಂತರ, ಆರಂಭದ ಮತ್ತು ಮುಕ್ತಾಯದ ಸಮಯ, ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಿದ ಬಗೆ, ಪಂಚರ ಸಹಿ ಎಲ್ಲವನ್ನೂ ಕನ್ನಡದಲ್ಲಿ ಬರೆಯಲಿ. ಶೋಧನೆ ಮತ್ತು ಜಪ್ತಿಯನ್ನು ಧ್ವನಿ–ದೃಶ್ಯ ಮುದ್ರಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುವುದರಿಂದ ಇನ್ನೊಬ್ಬರು ಎಲ್ಲವನ್ನೂ ಫೋನಿನಲ್ಲಿ ಚಿತ್ರೀಕರಿಸಲಿ. ಮುಂದಿನ ತರಗತಿಯಲ್ಲಿ ಕಾನೂನಿನ ಅಧ್ಯಾಪಕರು ಪಾಟೀಸವಾಲು ಹಾಕುತ್ತಾರೆ: ಮಹಜರಿನಲ್ಲಿ ಸಂಜೆ 4-30ರಿಂದ 5-15 ಎಂದಿದೆ, ವಿಡಿಯೊ 4-52ಕ್ಕೆ ಆರಂಭವಾಗಿದೆ, ಅದಕ್ಕೂ ಮೊದಲಿನ ಇಪ್ಪತ್ತೆರಡು ನಿಮಿಷ ಚಾಕು ಯಾರ ಬಳಿಯಿತ್ತು? ಮೊಹರಿನ ಮಾದರಿಯನ್ನು ಯಾರಿಗೆ ಕೊಟ್ಟಿರಿ? ಪಂಚರು ವಸ್ತುಗಳನ್ನು ತಾವೇ ನೋಡಿದರೋ, ಬರೆದ ಮೇಲೆ ಬಂದು ಸಹಿ ಹಾಕಿದರೋ? ಮುದ್ದೆಮಾಲಿನ ಸರಪಳಿ, ಅಂದರೆ ಜಪ್ತಿಯಾದ ವಸ್ತು ಯಾವಾಗ ಯಾರ ಬಳಿಯಿತ್ತೆಂಬ ದಾಖಲೆ, ಎಲ್ಲಿ ತುಂಡಾಗುತ್ತದೆ ಎಂಬುದನ್ನು ವಿದ್ಯಾರ್ಥಿ ಈ ಒಂದು ಗಂಟೆಯಲ್ಲಿ ಕಲಿಯುತ್ತಾನೆ.

ಅದೇ ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ, ಉಚಿತ ತಂತ್ರಾಂಶದಿಂದ ಎಸ್‌ಎಚ್‌ಎ–256 ಹ್ಯಾಶ್ ಮೌಲ್ಯವನ್ನು (ಕಡತದ ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ, ಅದರ ಬೆರಳಚ್ಚಿನಂಥ ಅಕ್ಷರ–ಅಂಕಿಗಳ ಸಾಲನ್ನು) ತೆಗೆಸಿ. ವಿಡಿಯೊ ಕಡತದ ಹೆಸರನ್ನು ಬದಲಿಸಿ ಮತ್ತೆ ತೆಗೆದರೆ ಮೌಲ್ಯ ಬದಲಾಗುವುದಿಲ್ಲ. ಅದನ್ನೇ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿ, ಇಳಿಸಿಕೊಂಡು ತೆಗೆದರೆ ಪೂರ್ತಿ ಬೇರೆಯೇ ಮೌಲ್ಯ ಬರುತ್ತದೆ, ಏಕೆಂದರೆ ಆ ಸೇವೆ ವಿಡಿಯೊವನ್ನು ಕುಗ್ಗಿಸಿ ಕಳುಹಿಸುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಮೌಲ್ಯದ ಅಂಕಣ ಏಕಿದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉಪನ್ಯಾಸವಿಲ್ಲ.

ಈ ಬರಹಗಳನ್ನೆಲ್ಲ ಕನ್ನಡದಲ್ಲಿಯೇ ಮಾಡಿಸಬೇಕೆಂಬುದು ಅಭಿಮಾನದ ಮಾತಲ್ಲ. ಕರ್ನಾಟಕದ ಠಾಣೆಗಳ ದೂರು, ಮಹಜರು, ಹೇಳಿಕೆಗಳು ಬಹುಪಾಲು ಕನ್ನಡದಲ್ಲಿರುತ್ತವೆ. ಕೆಳಹಂತದ ನ್ಯಾಯಾಲಯಗಳ ಸಾಕ್ಷ್ಯವೂ ಹಾಗೆಯೇ. ಪದವಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆದರೂ, ಕಡತ ಓದುವ ಮತ್ತು ಬರೆಯುವ ಒಂದು ಕಡ್ಡಾಯ ಕನ್ನಡ ಪತ್ರಿಕೆ ಇಲ್ಲದಿದ್ದರೆ ವಿದ್ಯಾರ್ಥಿ ತನ್ನದೇ ಜಿಲ್ಲೆಯ ಕಡತದ ಮುಂದೆ ಅನಕ್ಷರಸ್ಥನಾಗುತ್ತಾನೆ.

ಐದನೆಯ ಹೆಜ್ಜೆ: ಅಂಕಿಅಂಶವನ್ನು ಅನುಮಾನದಿಂದ ಓದಲು ಕಲಿಸುವುದು

ಸಂಶೋಧನಾ ವಿಧಾನದ ಪತ್ರಿಕೆಯನ್ನು ಸರಾಸರಿ, ಮಧ್ಯಾಂಕಗಳ ಲೆಕ್ಕಕ್ಕೆ ಮೀಸಲಿಡುವುದು ಒಂದು ರೂಢಿ. ಅದರ ಬದಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಯನ್ನೇ ಪಠ್ಯವಾಗಿಸಿ. ಒಂದೇ ಪ್ರಕರಣದಲ್ಲಿ ಕಳವು, ಹಲ್ಲೆ, ಕೊಲೆ ಮೂರೂ ಇದ್ದರೆ ಆ ವರದಿ ಅತ್ಯಂತ ಘೋರವಾದ ಒಂದನ್ನೇ ಎಣಿಸುತ್ತದೆ, ಉಳಿದೆರಡು ಲೆಕ್ಕಕ್ಕೆ ಸಿಗುವುದಿಲ್ಲ. ಶಿಕ್ಷೆಯ ಪ್ರಮಾಣವನ್ನು ಅದು ದಾಖಲಾದ ಪ್ರಕರಣಗಳ ಮೇಲಲ್ಲ, ವಿಚಾರಣೆ ಮುಗಿದ ಪ್ರಕರಣಗಳ ಮೇಲೆ ಲೆಕ್ಕ ಹಾಕುತ್ತದೆ. ಲಕ್ಷ ಜನಸಂಖ್ಯೆಗೆ ಇಷ್ಟು ಎನ್ನುವಾಗ ಅಂದಾಜಿಸಿದ ಜನಸಂಖ್ಯೆಯನ್ನು ಬಳಸುತ್ತದೆ. ಒಂದು ಜಿಲ್ಲೆಯಲ್ಲಿ ಪ್ರಕರಣಗಳು ಹೆಚ್ಚಾದವೆಂದರೆ ಅಪರಾಧ ಹೆಚ್ಚಾಯಿತೆಂದೇ ಅರ್ಥವಲ್ಲ, ಠಾಣೆ ದೂರುಗಳನ್ನು ಪ್ರಾಮಾಣಿಕವಾಗಿ ದಾಖಲಿಸಲು ಆರಂಭಿಸಿರಲೂಬಹುದು. ದಿನಪತ್ರಿಕೆಗಳಲ್ಲಿ ಬರುವ ‘ಅಪರಾಧದಲ್ಲಿ ಇಂಥ ನಗರ ಮೊದಲು’ ಎಂಬ ಶೀರ್ಷಿಕೆಯನ್ನು ಕೊಟ್ಟು ಅದನ್ನು ಒಡೆದು ನೋಡಿಸುವುದು ಈ ಪತ್ರಿಕೆಯ ಒಳ್ಳೆಯ ಆಂತರಿಕ ಪರೀಕ್ಷೆಯಾಗಬಲ್ಲದು. ಕಾರಾಗೃಹಗಳ ವಾರ್ಷಿಕ ವರದಿಯನ್ನೂ ಜೊತೆಗಿಡಿ. ದೇಶದ ಬಂದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು ಎಂಬ ಸಂಗತಿಯನ್ನು, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅವಕಾಶ ಕೊಡುವ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಷರತ್ತು, ವಿನಾಯಿತಿಗಳೊಡನೆ ಇಟ್ಟು ನೋಡುವಂತಾಗಬೇಕು.

ಆರನೆಯ ಹೆಜ್ಜೆ: ಕ್ಷೇತ್ರಕಾರ್ಯ

ಕ್ಷೇತ್ರಕಾರ್ಯವೆಂದರೆ ಬಸ್ಸು ಮಾಡಿಕೊಂಡು ಕೇಂದ್ರ ಕಾರಾಗೃಹ ನೋಡಿಬರುವುದು ಎಂಬ ಭಾವನೆ ಬೇರೂರಿದೆ. ಅರವತ್ತು ಜನ ಸಾಲಾಗಿ ನಡೆದು ಬಂದಿಗಳನ್ನು ನೋಡಿ ಬರುವುದರಲ್ಲಿ ಕಲಿಕೆಯೂ ಇಲ್ಲ, ಘನತೆಯೂ ಇಲ್ಲ. ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆಯ ಲಿಖಿತ ಅನುಮತಿ ಪಡೆದು, ಆರೇಳು ವಿದ್ಯಾರ್ಥಿಗಳ ತಂಡ ಗ್ರಂಥಾಲಯ, ಕಾನೂನು ನೆರವು ಅಥವಾ ಸಾಕ್ಷರತೆಯ ಒಂದು ನಿರ್ದಿಷ್ಟ ಕೆಲಸಕ್ಕಾಗಿ ಹೋಗುವುದಾದರೆ ಹೋಗಲಿ.

ಬಹುಪಾಲು ಕಾಲೇಜುಗಳು ಬಳಸದೆ ಬಿಟ್ಟ ಕ್ಷೇತ್ರವೆಂದರೆ ತಾಲ್ಲೂಕು ನ್ಯಾಯಾಲಯ. ಕ್ರಿಮಿನಲ್ ವಿಚಾರಣೆ ಸಾಮಾನ್ಯವಾಗಿ ಬಾಗಿಲು ತೆರೆದ ನ್ಯಾಯಾಲಯದಲ್ಲಿಯೇ ನಡೆಯಬೇಕೆಂಬುದು ಕಾನೂನು. ಅತ್ಯಾಚಾರದಂಥ ಪ್ರಕರಣಗಳ ವಿಚಾರಣೆ ಮಾತ್ರ ಮುಚ್ಚಿದ ಕೊಠಡಿಯಲ್ಲಿ. ಪ್ರಧಾನ ಜಿಲ್ಲಾ ನ್ಯಾಯಾಧೀಶರಿಗೆ ಮೊದಲೇ ಪತ್ರ ಬರೆದು ತಿಳಿಸಿ, ಇಬ್ಬರಿಬ್ಬರಂತೆ ವಿದ್ಯಾರ್ಥಿಗಳನ್ನು ಕಳುಹಿಸಿ. ಅವರು ವಾದದ ಸೊಗಸನ್ನಲ್ಲ, ಸಾಮಾನ್ಯ ಸಂಗತಿಗಳನ್ನು ಬರೆದುಕೊಳ್ಳಲಿ: ಬೆಳಿಗ್ಗೆ ಎಷ್ಟು ಪ್ರಕರಣ ಕೂಗಿದರು, ಎಷ್ಟು ಮುಂದೂಡಿಕೆಯಾದವು, ಯಾವ ಕಾರಣಕ್ಕೆ, ಸಾಕ್ಷಿಗಳು ಎಲ್ಲಿ ಕುಳಿತಿದ್ದರು, ಆರೋಪಿಯೊಡನೆ ವಕೀಲರು ಎಷ್ಟು ಹೊತ್ತು ಮಾತನಾಡಿದರು. ಒಂದು ಸೆಮಿಸ್ಟರಿನ ಇಂಥ ದಿನಚರಿಗಳನ್ನು ಕೂಡಿಸಿದರೆ ವಿಳಂಬದ ಬಗ್ಗೆ ನಿಮ್ಮ ಜಿಲ್ಲೆಯದೇ ಒಂದು ಚಿಕ್ಕ ಅಧ್ಯಯನ ಕೈಗೆ ಬರುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಜೊತೆಗಿನ ಒಡಂಬಡಿಕೆ ಇದರಷ್ಟೇ ಫಲಕಾರಿ.

ಕಳುಹಿಸುವ ಮೊದಲು ಎರಡು ಕೆಲಸ ಆಗಬೇಕು. ಒಂದು, ಗೋಪ್ಯತೆಯ ಲಿಖಿತ ವಾಗ್ದಾನ. ಲೈಂಗಿಕ ದೌರ್ಜನ್ಯದ ಸಂತ್ರಸ್ತರ ಗುರುತನ್ನು ಬಹಿರಂಗಪಡಿಸುವುದು ನ್ಯಾಯ ಸಂಹಿತೆಯ 72ನೇ ಕಲಮಿನಂತೆ ಅಪರಾಧ. ಮಕ್ಕಳ ಗುರುತಿಗೆ ಪೋಕ್ಸೊ ಮತ್ತು 2015ರ ಬಾಲನ್ಯಾಯ ಕಾಯ್ದೆಗಳ ರಕ್ಷಣೆಯಿದೆ. ವಿದ್ಯಾರ್ಥಿಯೊಬ್ಬ ನ್ಯಾಯಾಲಯದ ಆವರಣದಲ್ಲಿ ತೆಗೆದ ಒಂದು ಸೆಲ್ಫಿ ಸಾಕು, ಕಾಲೇಜಿಗೆ ಬಾಗಿಲು ಮುಚ್ಚಿಹೋಗಲು. ಎರಡು, ವಿದ್ಯಾರ್ಥಿಗಳಿಗೇ ಬೇಕಾದ ಆಪ್ತಸಮಾಲೋಚನೆ. ಹಿಂಸೆಯ ವಿವರಗಳನ್ನು ವಾರಗಟ್ಟಲೆ ಕೇಳುವವರಲ್ಲಿ ಕೆಲವರು ತಮ್ಮ ಮನೆಯಲ್ಲಿಯೇ ಅದನ್ನು ಕಂಡವರಾಗಿರುತ್ತಾರೆ. ಯಾವ ವಿದ್ಯಾರ್ಥಿಯಾದರೂ ಕಾರಣ ಹೇಳದೆ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುವ ಅವಕಾಶವನ್ನು ನಿಯಮಾವಳಿಯಲ್ಲಿಯೇ ಇಡಿ.

ಏಳನೆಯ ಹೆಜ್ಜೆ: ಅಧ್ಯಾಪಕರು ಮತ್ತು ಮೌಲ್ಯಮಾಪನ

ಕನಿಷ್ಠ ಇಬ್ಬರು ಪೂರ್ಣಾವಧಿ ಅಧ್ಯಾಪಕರು ಈ ಪದವಿಗೇ ಸೇರಿದವರಾಗಿರಬೇಕು. ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ಎರಡೂ ನೆಟ್ ಪರೀಕ್ಷೆಯ (ಅಧ್ಯಾಪಕರಾಗಲು ಬೇಕಾದ ರಾಷ್ಟ್ರೀಯ ಅರ್ಹತಾ ಪರೀಕ್ಷೆಯ) ವಿಷಯಗಳಾದ್ದರಿಂದ ಅರ್ಹರು ಸಿಗುವುದು ಕಷ್ಟವಾದರೂ ಅಸಾಧ್ಯವಲ್ಲ. ಉಳಿದವರು ಇತರ ವಿಭಾಗಗಳಿಂದ ಬರಲಿ. ಕ್ಷೇತ್ರದ ಅನುಭವಿಗಳನ್ನು ಕರೆಯಲು ಯುಜಿಸಿಯ 2022ರ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ದಾರಿ ಮಾಡಿಕೊಟ್ಟಿದೆ, ಮಂಜೂರಾದ ಹುದ್ದೆಗಳ ಶೇ 10ರ ಮಿತಿಯೊಳಗೆ. ಒಬ್ಬ ನಿವೃತ್ತ ಪೊಲೀಸ್ ಅಧಿಕಾರಿಯನ್ನು ಕರೆದ ಸೆಮಿಸ್ಟರಿನಲ್ಲಿಯೇ ಒಬ್ಬ ಪ್ರತಿವಾದಿ ವಕೀಲರನ್ನೂ ಒಬ್ಬ ಪರಿವೀಕ್ಷಣಾ ಅಧಿಕಾರಿಯನ್ನೂ ಕರೆಯುವುದು ನಿಯಮವಾಗಿರಲಿ.

ಮೌಲ್ಯಮಾಪನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೆಮಿಸ್ಟರ್ ಪರೀಕ್ಷೆಗಳು ವಿಶ್ವವಿದ್ಯಾಲಯದ ನಿಯಮದಂತೆ ನಡೆಯುತ್ತವೆ. ಆದರೆ ಆರನೆಯ ಸೆಮಿಸ್ಟರಿನಲ್ಲಿ ಒಂದು ಕಡತ ಪರೀಕ್ಷೆ ಇರಲಿ: ಹೆಸರುಗಳನ್ನೆಲ್ಲ ಅಳಿಸಿದ, ತೀರ್ಪು ಬಂದು ಮುಗಿದ ಒಂದು ಪ್ರಕರಣದ ದಾಖಲೆಗಳನ್ನು ವಿದ್ಯಾರ್ಥಿಗೆ ಎರಡು ವಾರ ಕೊಟ್ಟು, ಕಾನೂನು, ಸಮಾಜಶಾಸ್ತ್ರ ಮತ್ತು ವಿಧಿವಿಜ್ಞಾನದ ಮೂವರು ಪರೀಕ್ಷಕರ ಮುಂದೆ ಮೌಖಿಕ ಪರೀಕ್ಷೆ ನಡೆಸುವುದು. ಇಲ್ಲಿ ತನಿಖೆ ಎಲ್ಲಿ ಸಡಿಲವಾಯಿತು, ಪ್ರಯೋಗಾಲಯದ ವರದಿ ಏನನ್ನು ಹೇಳುತ್ತದೆ ಮತ್ತು ಏನನ್ನು ಹೇಳುವುದಿಲ್ಲ, ಸಂತ್ರಸ್ತರಿಗೆ ಪರಿಹಾರ ಸಿಕ್ಕಿತೇ ಎಂಬ ಪ್ರಶ್ನೆಗಳಿಗೆ ವಿದ್ಯಾರ್ಥಿ ಕಡತದ ಪುಟ ತೋರಿಸಿ ಉತ್ತರಿಸಬೇಕು.

ಎಂಟನೆಯ ಹೆಜ್ಜೆ: ಪ್ರಸ್ತಾವನೆಯನ್ನು ಕಟ್ಟುವುದು

ಅಧ್ಯಯನ ಮಂಡಳಿಯ ಮುಂದಿಡುವ ಕಡತದಲ್ಲಿ ಮೊದಲು ಹೇಳಿದ ನಿರಾಕರಣೆಗಳ ಪುಟ, ಕ್ರೆಡಿಟ್ ಹಂಚಿಕೆ, ಪ್ರತಿ ಪತ್ರಿಕೆಯ ಘಟಕವಾರು ವಿವರ, ಜಂಟಿ ಪತ್ರಿಕೆಗಳ ಕಾರ್ಯಭಾರದ ಲೆಕ್ಕ, ಕಾನೂನು ಸೇವಾ ಪ್ರಾಧಿಕಾರ ಮತ್ತು ಇಲಾಖೆಗಳೊಡನೆ ಆದ ಪತ್ರವ್ಯವಹಾರ, ಗ್ರಂಥಾಲಯದ ಪಟ್ಟಿ, ಐದು ವರ್ಷದ ಆಯವ್ಯಯ ಇರಲಿ. ಪ್ರಯೋಗಾಲಯಕ್ಕೆ ಭಾರಿ ಮೊತ್ತ ಬರೆಯಬೇಡಿ. ಬೆರಳಚ್ಚಿನ ಪುಡಿ ಮತ್ತು ಕುಂಚ, ಅಳತೆಪಟ್ಟಿ, ಭೂತಗನ್ನಡಿ, ಎರಡು ಕಂಪ್ಯೂಟರ್, ಒಂದು ಕ್ಯಾಮೆರಾ ಇಷ್ಟರಿಂದ ಆರಂಭಿಸಬಹುದು. ರಾಸಾಯನಿಕ ಅಥವಾ ಡಿಎನ್‌ಎ ಪರೀಕ್ಷೆಯ ವಿಚಾರಕ್ಕೆ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಂಥ ಸಂಸ್ಥೆಯ ತಜ್ಞರ ಉಪನ್ಯಾಸವನ್ನು ಕೋರುವುದು ಹೆಚ್ಚು ಪ್ರಯೋಜನಕಾರಿ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ವಿಧಿಸಿದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಕಾಲಾವಕಾಶವಿದೆ. ಹೀಗಾಗಿ ಆ ತಜ್ಞರ ಸಮಯಕ್ಕೆ ಬೇಡಿಕೆ ಏರುತ್ತಲೇ ಹೋಗುತ್ತದೆ. ಪತ್ರವನ್ನು ಬೇಗ ಬರೆಯುವ ಕಾಲೇಜಿಗೆ ಅನುಕೂಲ.

ಕೊನೆಯದಾಗಿ, ಕಲಂ ಸಂಖ್ಯೆಗಳನ್ನೂ ತೀರ್ಪುಗಳ ಪಟ್ಟಿಯನ್ನೂ ಪಠ್ಯಕ್ರಮದ ಒಳಗೆ ಬರೆಯದೆ ಪ್ರತ್ಯೇಕ ಅನುಬಂಧದಲ್ಲಿ ಇಡಿ, ಮತ್ತು ಆ ಅನುಬಂಧವನ್ನು ಪ್ರತಿ ಜೂನ್ ತಿಂಗಳಲ್ಲಿ ಅಧ್ಯಯನ ಮಂಡಳಿಯ ಮಟ್ಟದಲ್ಲಿಯೇ ಪರಿಷ್ಕರಿಸಬಹುದೆಂಬ ಒಂದು ಸಾಲನ್ನು ವಿದ್ಯಾವಿಷಯಕ ಪರಿಷತ್ತಿನ ನಿರ್ಣಯದಲ್ಲಿ ಸೇರಿಸಿಕೊಳ್ಳಿ. ಆ ಸಾಲು ಇಲ್ಲದಿದ್ದರೆ ಒಂದು ತಿದ್ದುಪಡಿ ಬಂದಾಗಲೆಲ್ಲ ಇಡೀ ಪಠ್ಯಕ್ರಮವನ್ನು ಮೂರು ಸಭೆಗಳ ಮುಂದೆ ಒಯ್ಯಬೇಕಾಗುತ್ತದೆ, ಅಷ್ಟರಲ್ಲಿ ಒಂದು ತಂಡದ ವಿದ್ಯಾರ್ಥಿಗಳು ರದ್ದಾದ ಕಲಮನ್ನೇ ಓದಿ ಹೊರಗೆ ಹೋಗಿರುತ್ತಾರೆ.